ರೈತರ ಸಭೆಯಲ್ಲಿ ಥೋರೋ ಮಾಡಿದ ಭಾಷಣ

(ಬಳಗದ ಮಳೆಗಾಲದ ಉಪನ್ಯಾಸ ಮಾಲೆಯಲ್ಲಿ ಮಾಡಿದ ಉಪನ್ಯಾಸದ ಲಿಖಿತ ರೂಪ)



ಅಮೆರಿಕದ ಸಾಹಿತ್ಯ ಮತ್ತು ಚರಿತ್ರೆಯನ್ನು ಕುರಿತು ಎಲ್ಲರಿಗೂ ತಿಳಿಯುವಂತೆ ಒಂದು ಉಪನ್ಯಾಸವನ್ನು ಮಾಡಬೇಕೆಂದು ಬಳಗದವರು ಹೇಳಿದರು. ಈ ವಿಷಯಕ್ಕೆ ಕಾಲೇಜಿನ ಇಂಗ್ಲಿಷ್ ಅಧ್ಯಾಪಕರನ್ನು ಕರೆಯುವುದು ವಾಡಿಕೆ. ಮಣ್ಣು, ಬೀಜ, ಗೊಬ್ಬರಗಳ ನಡುವೆ ಬದುಕುವ ನನ್ನಂಥವರನ್ನು ಕರೆದದ್ದಕ್ಕೆ ಅವರ ಬಳಿ ಯಾವ ಕಾರಣವಿದೆಯೋ ಕಾಣೆ. ಆದರೆ ಅಮೆರಿಕದ ಸಾಹಿತ್ಯದಲ್ಲಿ ನನಗೂ ನಿಮಗೂ ಸಮಾನವಾಗಿ ಹಕ್ಕಿರುವ ಒಂದು ಬರಹವಿದೆ. ಅದು ಮೊದಲು ಬರಹವಾಗಿರಲಿಲ್ಲ, ಭಾಷಣವಾಗಿತ್ತು. 1860ರ ಸೆಪ್ಟೆಂಬರ್ 20ರಂದು ಮ್ಯಾಸಚೂಸೆಟ್ಸ್ ಪ್ರಾಂತದ ಕಾನ್ಕಾರ್ಡ್ ಎಂಬ ಊರಿನಲ್ಲಿ, ಮಿಡ್ಲ್‌ಸೆಕ್ಸ್ ಜಿಲ್ಲೆಯ ಕೃಷಿ ಸಂಘದ ವಾರ್ಷಿಕ ದನದ ಪ್ರದರ್ಶನದ ದಿನ, ರೈತರ ಎದುರು ಹೆನ್ರಿ ಡೇವಿಡ್ ಥೋರೋ ಅದನ್ನು ಮಾಡಿದ. ವಿಷಯ, ಕಾಡಿನ ಮರಗಳು ಒಂದರ ಜಾಗಕ್ಕೆ ಇನ್ನೊಂದು ಬರುವ ಕ್ರಮ. ಇಂದಿನ ಮಾತು ಆ ಭಾಷಣದ ಬಗ್ಗೆ. ಆದರೆ ಅದನ್ನು ಕೇಳಿಸಿಕೊಂಡ ಸಭೆ ಹೇಗೆ ಸಿದ್ಧವಾಯಿತು ಎಂಬುದನ್ನು ಮೊದಲು ಹೇಳಬೇಕು. ಕೇಳುವ ಜನ ಒಂದು ದಿನದಲ್ಲಿ ಹುಟ್ಟುವುದಿಲ್ಲ.

ಜೋಸೈಯಾ ಹೋಲ್‌ಬ್ರೂಕ್ ಎಂಬಾತ ಕನೆಕ್ಟಿಕಟ್ ಪ್ರಾಂತದ ಒಬ್ಬ ರೈತ, ವಿಜ್ಞಾನದ ಗೀಳಿದ್ದ ಮೇಷ್ಟ್ರು. ಊರೂರಿನಲ್ಲೂ ವಯಸ್ಕರು ತಾವೇ ಸಂಘ ಕಟ್ಟಿಕೊಂಡು, ತಮಗೆ ಗೊತ್ತಿರುವುದನ್ನು ಒಬ್ಬರಿಗೊಬ್ಬರು ಹೇಳಿಕೊಡಬೇಕು ಎಂಬುದು ಅವನ ಆಲೋಚನೆ. 1826ರಲ್ಲಿ ಮಿಲ್‌ಬರಿ ಎಂಬ ಊರಿನಲ್ಲಿ ಅಂಥ ಮೊದಲ ಸಂಘ ಆರಂಭವಾಯಿತು. ಅರಿಸ್ಟಾಟಲನ ಪಾಠಶಾಲೆಯ ನೆನಪಿಗೆ ಅದನ್ನು ಲೈಸಿಯಂ ಎಂದು ಕರೆದರು. ಹತ್ತು ವರ್ಷಗಳೊಳಗೆ ಇಂಥ ಸಂಘಗಳು ಸಾವಿರಗಳ ಲೆಕ್ಕಕ್ಕೆ ಬೆಳೆದವು. ಕಾನ್ಕಾರ್ಡ್ ಊರಿನ ಲೈಸಿಯಂ 1829ರಲ್ಲಿ ಹುಟ್ಟಿತು. ಹಿಮ ಬಿದ್ದು ಹೊಲದ ಕೆಲಸ ನಿಂತಾಗ ಜನ ಸಂಜೆ ಸಭಾಭವನಕ್ಕೆ ಬಂದು ಕೂರುತ್ತಿದ್ದರು. ನಮ್ಮಲ್ಲಿ ಮಳೆ ಹಿಡಿದು ಹೊರಗಿನ ಕೆಲಸ ಸಾಗದ ದಿನಗಳಲ್ಲಿ ತಾಳಮದ್ದಲೆ ನಡೆಯುವುದಿಲ್ಲವೆ, ಹಾಗೆ. ಅರ್ಥಧಾರಿಯ ವಾದದಲ್ಲಿ ಎಲ್ಲಿ ಬಿರುಕಿದೆಯೆಂದು ಮೂಲೆಯಲ್ಲಿ ಕುಳಿತ ಅಜ್ಜ ಮರುದಿನ ಬೆಳಿಗ್ಗೆ ಕಟ್ಟೆಯ ಮೇಲೆ ಹೇಳುತ್ತಾನೆ. ಅಂಥ ಅಜ್ಜಂದಿರು ಕಾನ್ಕಾರ್ಡಿನಲ್ಲೂ ಇದ್ದರು.

ಆ ಊರಿನ ಜನಸಂಖ್ಯೆ ಎರಡು ಸಾವಿರದಷ್ಟು. ಅಲ್ಲಿಯೇ ಮನೆ ಮಾಡಿದ್ದ ರಾಲ್ಫ್ ವಾಲ್ಡೊ ಎಮರ್ಸನ್ ಜೀವನದಲ್ಲಿ ಸುಮಾರು ಹದಿನೈದು ನೂರು ಉಪನ್ಯಾಸಗಳನ್ನು ಮಾಡಿದವರು. ಅವರ ಪ್ರಬಂಧಗಳಲ್ಲಿ ಬಹುಪಾಲು ಮೊದಲು ವೇದಿಕೆಯ ಮೇಲೆ ಹುಟ್ಟಿದಂಥವು. ಥೋರೋ ಅದೇ ಊರಿನಲ್ಲಿ ಹುಟ್ಟಿ, ಹಾರ್ವರ್ಡಿನಲ್ಲಿ ಓದಿ, ಊರಿಗೆ ಮರಳಿ, ಅಪ್ಪನ ಪೆನ್ಸಿಲ್ ತಯಾರಿಕೆಯಲ್ಲಿ ಕೈಜೋಡಿಸಿ, ಮುಂದೆ ಮೋಜಣಿದಾರನಾಗಿ ಬದುಕಿದವನು. 1838ರಲ್ಲಿ ಲೈಸಿಯಂನಲ್ಲಿ ಮೊದಲ ಉಪನ್ಯಾಸ ಮಾಡಿದ. ಅದೇ ವರ್ಷ ಅದರ ಕಾರ್ಯದರ್ಶಿಯೂ ಆದ. ಊರಿನವರು ಚಳಿಗಾಲದ ಉಪನ್ಯಾಸಗಳಿಗೆಂದು ವರ್ಷಕ್ಕೆ ಕೂಡಿಸುತ್ತಿದ್ದ 125 ಡಾಲರುಗಳಷ್ಟು ಸಾರ್ಥಕವಾಗಿ ಬೇರಾವ ಹಣವೂ ಊರಿನಲ್ಲಿ ಖರ್ಚಾಗುವುದಿಲ್ಲ ಎಂಬ ಅಭಿಪ್ರಾಯವನ್ನು ಆತ ‘ವಾಲ್ಡನ್’ ಗ್ರಂಥದಲ್ಲಿ ಬರೆದಿದ್ದಾನೆ. ಸಂಘದ ಲೆಕ್ಕಪತ್ರ ಬರೆದ ಅನುಭವವಿದ್ದವರಿಗೆ ಮಾತ್ರ ಈ ಮಾತಿನ ತೂಕ ತಿಳಿದೀತು.

ಎಲ್ಲವೂ ಸುಸೂತ್ರವಾಗಿತ್ತೆಂದು ತಿಳಿಯಬಾರದು. ಅಮೆರಿಕದ ಆ ಕಾಲದ ಚರಿತ್ರೆಯ ನಡುವೆ ಗುಲಾಮಗಿರಿ ಎಂಬ ಹುಣ್ಣಿತ್ತು. ಲೈಸಿಯಂಗಳಲ್ಲಿ ರಾಜಕೀಯ ಬೇಡ, ಧರ್ಮದ ಜಗಳ ಬೇಡ, ಜ್ಞಾನ ಮಾತ್ರ ಸಾಕು ಎಂಬ ಅಲಿಖಿತ ನಿಯಮ ನಡೆದುಬಂದಿತ್ತು. ಆದರೆ ಗುಲಾಮಗಿರಿಯ ಕಟುವಿರೋಧಿ ವೆಂಡೆಲ್ ಫಿಲಿಪ್ಸ್‌ರನ್ನು ಕಾನ್ಕಾರ್ಡಿಗೆ ಕರೆಯಬೇಕೆ ಎಂಬ ಪ್ರಶ್ನೆ ಬಂದಾಗ ಆ ನಿಯಮ ಮುರಿಯಿತು. 1845ರಲ್ಲಿ ಊರಿನ ಕೆಲವು ಗಣ್ಯರು ಪ್ರತಿಭಟಿಸಿ ವ್ಯವಸ್ಥಾಪಕರ ಸ್ಥಾನ ಬಿಟ್ಟರು, ಎಮರ್ಸನ್ ಮತ್ತು ಥೋರೋ ಆ ಸ್ಥಾನಕ್ಕೆ ಬಂದರು, ಫಿಲಿಪ್ಸ್ ಮಾತನಾಡಿದರು. ಅದೇ ವರ್ಷ ನ್ಯೂ ಬೆಡ್‌ಫರ್ಡ್ ಊರಿನ ಲೈಸಿಯಂ ಕಪ್ಪು ಜನರಿಗೆ ಸದಸ್ಯತ್ವವಿಲ್ಲವೆಂದು ತೀರ್ಮಾನಿಸಿತು. ಎಮರ್ಸನ್ ಮತ್ತು ಚಾರ್ಲ್ಸ್ ಸಮ್ನರ್ ಅಲ್ಲಿಗೆ ಉಪನ್ಯಾಸಕ್ಕೆ ಬರುವುದಿಲ್ಲವೆಂದು ತಿಳಿಸಿದರು. ಸಾರ್ವಜನಿಕ ಉಪನ್ಯಾಸ ಎಂದಾಗ ಆ ‘ಸಾರ್ವಜನಿಕ’ರು ಯಾರು ಎಂಬ ಪ್ರಶ್ನೆಗೆ ಕುರ್ಚಿ ಹಾಕುವಾಗಲೇ ಉತ್ತರ ಸಿಕ್ಕಿಬಿಡುತ್ತದೆ. ನಮ್ಮ ಊರುಗಳ ಸಭೆಗಳಲ್ಲಿ ಯಾರು ಒಳಗೆ ಕೂರುತ್ತಾರೆ, ಯಾರು ಅಂಗಳದ ಅಂಚಿನಲ್ಲಿ ನಿಲ್ಲುತ್ತಾರೆ ಎಂಬುದನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ.

ವಾಲ್ಡನ್ ಕೊಳದ ದಂಡೆಯಲ್ಲಿ ಥೋರೋ ಗುಡಿಸಲು ಕಟ್ಟಿಕೊಂಡು 1845ರ ಜುಲೈ 4ರಿಂದ 1847ರ ಸೆಪ್ಟೆಂಬರ್ 6ರವರೆಗೆ ಇದ್ದದ್ದು ವಿದ್ಯಾರ್ಥಿಗಳಿಗೆ ತಿಳಿದಿರಬಹುದು. ಏನು ತಿನ್ನುತ್ತೀಯ, ಒಂಟಿಯಾಗಿ ಹೆದರಿಕೆಯಾಗುವುದಿಲ್ಲವೆ ಎಂದು ಊರಿನವರು ಕೇಳುತ್ತಿದ್ದರು. ಅದಕ್ಕೆ ಉತ್ತರವಾಗಿ 1847ರ ಫೆಬ್ರವರಿಯಲ್ಲಿ ಆತ ಲೈಸಿಯಂನಲ್ಲಿ ತನ್ನ ಬದುಕನ್ನೇ ಕುರಿತು ಮಾತನಾಡಿದ. 1854ರಲ್ಲಿ ಅಚ್ಚಾದ ಪುಸ್ತಕದ ಬೇರು ಅಲ್ಲಿದೆ. ತಲೆಗಂದಾಯ ಕೊಡದೆ 1846ರಲ್ಲಿ ಒಂದು ರಾತ್ರಿ ಜೈಲಿನಲ್ಲಿ ಕಳೆದದ್ದಕ್ಕೆ ಸಮಜಾಯಿಷಿ ಕೊಟ್ಟದ್ದೂ ಅದೇ ವೇದಿಕೆಯಲ್ಲಿ, 1848ರಲ್ಲಿ. ಮರುವರ್ಷ ಅಚ್ಚಾದ ಆ ಉಪನ್ಯಾಸವನ್ನು ದಕ್ಷಿಣ ಆಫ್ರಿಕದಲ್ಲಿದ್ದ ಗಾಂಧೀಜಿ 1907ರಲ್ಲಿ ತಮ್ಮ ‘ಇಂಡಿಯನ್ ಒಪೀನಿಯನ್’ ಪತ್ರಿಕೆಯ ಓದುಗರಿಗೆ ಪರಿಚಯಿಸಿದರು. ಇಷ್ಟು ದೂರ ಸಂಚರಿಸಿದ ವಿಚಾರವು ಮೊದಲು ಹೊರಟದ್ದು ನೆರೆಹೊರೆಯವರಿಗೆ ಕೊಟ್ಟ ಉತ್ತರವಾಗಿ. ಪುಸ್ತಕ ಓದುವಾಗ ಇದು ಮರೆತುಹೋಗುತ್ತದೆ.

1859ರ ಅಕ್ಟೋಬರಿನಲ್ಲಿ ಗುಲಾಮಗಿರಿಯ ವಿರುದ್ಧ ಆಯುಧ ಹಿಡಿದ ಜಾನ್ ಬ್ರೌನ್ ಸೆರೆಯಾದಾಗ ಬಹಳಷ್ಟು ಮಿತ್ರರೇ ಬಾಯಿ ಮುಚ್ಚಿಕೊಂಡರು. ಥೋರೋ ಅಕ್ಟೋಬರ್ 30ರಂದು ಕಾನ್ಕಾರ್ಡಿನಲ್ಲಿ ಬ್ರೌನ್ ಪರವಾಗಿ ಮಾತನಾಡಿದ. ಸಭೆಯ ಗಂಟೆ ಬಾರಿಸಲು ಊರಿನ ಆಡಳಿತ ಒಪ್ಪದಿದ್ದಾಗ ಆತ ತಾನೇ ಹೋಗಿ ಬಾರಿಸಿದನೆಂದು ಹೇಳುತ್ತಾರೆ. ಎರಡು ದಿನಗಳ ನಂತರ ಬಾಸ್ಟನ್ನಿನಲ್ಲಿಯೂ ಮಾತನಾಡಿದ. ಅಲ್ಲಿ ಮಾತನಾಡಬೇಕಿದ್ದವರು ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ಆ ದೇಶದ ಅತ್ಯಂತ ಪ್ರಬಲ ವಾಗ್ಮಿಗಳಲ್ಲಿ ಒಬ್ಬರಾಗಿದ್ದ ಫ್ರೆಡರಿಕ್ ಡಗ್ಲಸ್. ಬಂಧನದ ಭೀತಿಯಿಂದ ಅವರು ಕೆನಡಾಕ್ಕೆ ಹೋಗಬೇಕಾಗಿ ಬಂದಿತ್ತು.

ಹನ್ನೊಂದು ತಿಂಗಳ ನಂತರ ಅದೇ ಥೋರೋ, ಅದೇ ಊರಿನಲ್ಲಿ, ಎತ್ತು ಹಂದಿ ಕುಂಬಳಕಾಯಿಗಳ ಪ್ರದರ್ಶನಕ್ಕೆ ಬಂದ ರೈತರ ಮುಂದೆ ನಿಂತ. ನಿಮ್ಮ ಜಮೀನುಗಳಲ್ಲಿ ನಿಮಗಿಂತ ಹೆಚ್ಚು ತಿರುಗಿದವನು ನಾನು, ನಿಮ್ಮ ಗಡಿಕಲ್ಲುಗಳನ್ನು ಅಳೆದವನು ನಾನು ಎಂಬ ಧಾಟಿಯಲ್ಲಿ ನಗಿಸುತ್ತ ಆರಂಭಿಸಿದ. ಅದು ಬರಿಯ ತಮಾಷೆಯಲ್ಲ. ಮೋಜಣಿದಾರನಿಗೆ ಸರಪಳಿ ಎಳೆಯುವಾಗ ಕಾಡಿನ ನೆಲ ಕಾಣುತ್ತದೆ. ಜೊತೆಗೆ ನಡೆಯುವ ರೈತನ ಮಾತೂ ಕೇಳುತ್ತದೆ. 1856ರ ಏಪ್ರಿಲಿನಲ್ಲಿ ಜಾರ್ಜ್ ಹಬರ್ಡ್ ಎಂಬ ಊರಿನವನು ಹೀಗೆಯೇ ಮಾತಿಗೆ, ಈ ಪೈನ್ ಮರಗಳನ್ನು ಕಡಿದರೆ ಇಲ್ಲಿ ಓಕ್ ಏಳುತ್ತದೆ ಎಂದಿದ್ದನ್ನು ಥೋರೋ ದಿನಚರಿಯಲ್ಲಿ ಗುರುತು ಹಾಕಿಕೊಂಡ. ಪೈನ್ ಕಡಿದಲ್ಲಿ ಓಕ್, ಓಕ್ ಕಡಿದಲ್ಲಿ ಪೈನ್. ಇದು ಅಲ್ಲಿನ ರೈತರೆಲ್ಲ ಕಂಡ ಸಂಗತಿ, ಯಾರಿಗೂ ಕಾರಣ ತಿಳಿಯದ ಸಂಗತಿ. ಬೀಜವಿಲ್ಲದೆಯೂ ಗಿಡ ತಾನಾಗಿ ಹುಟ್ಟುತ್ತದೆ ಎಂದು ಓದಿದವರೂ ನಂಬಿದ್ದ ಕಾಲ ಅದು. ನೂರಾರು ವರ್ಷಗಳಿಂದ ಬೀಜಗಳು ಮಣ್ಣಿನೊಳಗೆ ಮಲಗಿದ್ದವು ಎಂಬುದು ಇನ್ನು ಕೆಲವರ ವಾದ. ನಾಲ್ಕು ವರ್ಷ ಕಾಡು ಸುತ್ತಿದ ಮೇಲೆ ಥೋರೋ ಹಬರ್ಡನ ಮಾತಿಗೆ ಕಾರಣ ಹೇಳಲು ಎದ್ದುನಿಂತ. ಪ್ರಶ್ನೆ ರೈತರದು, ಉತ್ತರವನ್ನು ಮರಳಿ ತಂದದ್ದೂ ರೈತರ ಸಭೆಗೆ. ನನ್ನ ವೃತ್ತಿಯಲ್ಲಿ ಈ ಕ್ರಮ ಅಪರೂಪ, ಆದ್ದರಿಂದ ಒತ್ತಿ ಹೇಳುತ್ತಿದ್ದೇನೆ.

ಉತ್ತರ ಸರಳವಾಗಿತ್ತು. ಪೈನ್ ಬೀಜಕ್ಕೆ ತೆಳುವಾದ ರೆಕ್ಕೆಯಿದೆ, ಗಾಳಿ ಒಯ್ಯುತ್ತದೆ. ಓಕ್ ಮರದ ಕಾಯಿ ಭಾರ. ಅದನ್ನು ಅಳಿಲುಗಳೂ ಜೇ ಎಂಬ ಹಕ್ಕಿಗಳೂ ಒಯ್ದು, ಮುಂದೆ ತಿನ್ನೋಣವೆಂದು ಪೈನ್ ತೋಪಿನ ನೆಲದಲ್ಲಿ ಹೂಳುತ್ತವೆ. ಹೂಳಿದ್ದೆಲ್ಲವನ್ನೂ ಅವು ತಿನ್ನುವುದಿಲ್ಲ. 1857ರ ಸೆಪ್ಟೆಂಬರ್ 24ರಂದು ಅಸಾಬೆಟ್ ಹೊಳೆಯಲ್ಲಿ ದೋಣಿ ನಡೆಸುತ್ತಿದ್ದಾಗ ಕಂಡದ್ದನ್ನು ಥೋರೋ ವಿವರಿಸಿದ. ಒಂದು ಕೆಂಪು ಅಳಿಲು ಬಾಯಲ್ಲಿ ಏನನ್ನೋ ಕಚ್ಚಿಕೊಂಡು ದಡದಲ್ಲಿ ಓಡಿತು. ಹೆಮ್‌ಲಾಕ್ ಮರದ ಬುಡದಲ್ಲಿ ಗುಂಡಿ ತೋಡಿ ಹೂತಿತು. ಈತ ಹತ್ತಿರ ಹೋದಾಗ ಮರವೇರಿ ಚಡಪಡಿಸಿತು. ಕೆದಕಿ ನೋಡಿದರೆ ಒಂದಕ್ಕೊಂದು ಅಂಟಿದ ಎರಡು ಹಸಿರು ಹಿಕರಿ ಕಾಯಿಗಳು, ಒಂದೂವರೆ ಅಂಗುಲ ಆಳದಲ್ಲಿ. ನಾವು ಬಿತ್ತುವಾಗ ಇಡುವ ಆಳವೂ ಅಷ್ಟೆ. ಹತ್ತಿರದ ಹಿಕರಿ ಮರ ಅಲ್ಲಿಂದ ಇಪ್ಪತ್ತು ರಾಡ್ ದೂರದಲ್ಲಿತ್ತು, ನಮ್ಮ ಲೆಕ್ಕದಲ್ಲಿ ಮುನ್ನೂರ ಮೂವತ್ತು ಅಡಿ. ದಿನ, ಹೊಳೆ, ಆಳ, ದೂರ ಎಲ್ಲವನ್ನೂ ಹೇಳಿದ್ದರಿಂದ ಕೇಳಿದ ರೈತ ತಾನೂ ಹೋಗಿ ಪರೀಕ್ಷಿಸಬಹುದಾಗಿತ್ತು.

ಮುಂದಿನ ಮಾತು ಇನ್ನೂ ಮುಖ್ಯ. ದಟ್ಟವಾದ ಪೈನ್ ತೋಪಿನೊಳಗೆ, ಮೇಲ್ನೋಟಕ್ಕೆ ಪೈನ್ ಬಿಟ್ಟು ಬೇರೇನೂ ಇಲ್ಲವೆಂದು ಕಾಣುವಲ್ಲಿ, ಬಗ್ಗಿ ಹುಡುಕಿದರೆ ಸುಮಾರು ಐದು ಅಡಿಗೊಂದರಂತೆ ಪುಟ್ಟ ಓಕ್ ಸಸಿಗಳು ಸಿಕ್ಕವು. ಮೂರರಿಂದ ಹನ್ನೆರಡು ಅಂಗುಲದಷ್ಟೇ ಎತ್ತರ. ನೆರಳಿನಲ್ಲಿ ಅವು ಬೆಳೆಯಲಾರವು. ಕೆಲವು ವರ್ಷ ತಡೆದು ಸಾಯುತ್ತವೆ. ಅಷ್ಟರಲ್ಲಿ ಅಳಿಲು ಹೊಸ ಕಾಯಿಗಳನ್ನು ತಂದು ನೆಟ್ಟಿರುತ್ತದೆ. ಪೈನ್ ಕಡಿದ ದಿನ ಬೆಳಕು ಬೀಳುತ್ತದೆ, ಕಾದು ಕುಳಿತ ಸಸಿ ಮೇಲೇಳುತ್ತದೆ. ಇಂಗ್ಲೆಂಡಿನ ಅರಣ್ಯಾಧಿಕಾರಿಗಳು ಬಹುಕಾಲ ಪ್ರಯೋಗ ಮಾಡಿ, ಓಕ್ ಬೆಳೆಸಬೇಕಾದರೆ ಮೊದಲು ಪೈನ್ ನೆಟ್ಟು ಅದರ ಆಸರೆಯಲ್ಲಿ ಓಕ್ ಎಬ್ಬಿಸಿ, ಆಮೇಲೆ ಪೈನ್ ತೆಗೆಯಬೇಕೆಂದು ಕಂಡುಕೊಂಡಿದ್ದರು. ಆ ಪದ್ಧತಿಯನ್ನು ಅಳಿಲು ಮೊದಲೇ ನಡೆಸುತ್ತಿತ್ತು ಎಂದು ಥೋರೋ ತೋರಿಸಿಕೊಟ್ಟ. ಬಾಳೆಯ ನೆರಳಿನಲ್ಲಿ ಅಡಿಕೆ ಸಸಿ ಎಬ್ಬಿಸುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಾದ್ದಿಲ್ಲ.

ಭಾಷಣದ ಕೊನೆಯಲ್ಲಿ ಕುಂಬಳದ ಮಾತೂ ಬಂತು. ವಾಷಿಂಗ್ಟನ್ನಿನ ಪೇಟೆಂಟ್ ಕಚೇರಿ ಆ ಕಾಲದಲ್ಲಿ ರೈತರಿಗೆ ಬೀಜ ಹಂಚುತ್ತಿತ್ತು. 1857ರಲ್ಲಿ ಅಲ್ಲಿಂದ ಬಂದ ಆರು ಬೀಜ ಹಾಕಿದಾಗ ಎರಡು ಹುಟ್ಟಿದವು. ಒಂದು ಬಳ್ಳಿಯಲ್ಲಿ ನೂರಿಪ್ಪತ್ತಮೂರೂವರೆ ಪೌಂಡಿನ ಒಂದೇ ಕಾಯಿ. ಇನ್ನೊಂದರಲ್ಲಿ ನಾಲ್ಕು ಕಾಯಿ ಸೇರಿ ನೂರ ಎಂಬತ್ತಾರೂಕಾಲು ಪೌಂಡು. ಹಿಡಿಯಲ್ಲಿ ಹಿಡಿದ ಬೀಜದೊಳಗೆ ಇಷ್ಟಿದೆ ಎಂದರೆ ಯಾವ ಜಾದೂಗಾರನನ್ನು ನೋಡಲು ಹೋಗಬೇಕು ಎಂಬುದು ಅವನ ಮಾತಿನ ಭಾವ.

ಭಾಷಣ ಅಕ್ಟೋಬರಿನಲ್ಲಿ ನ್ಯೂಯಾರ್ಕ್ ಟ್ರಿಬ್ಯೂನ್ ಪತ್ರಿಕೆಯಲ್ಲಿ ಅಚ್ಚಾಯಿತು. ಸಂಪಾದಕ ಹೊರೇಸ್ ಗ್ರೀಲೆ ಅದನ್ನು ಪೂರ್ತಿ ಒಪ್ಪದೆ, ಕಾಡಿಗೆ ಬೆಂಕಿ ಬಿದ್ದಲ್ಲಿ ಬೀಜವಿಲ್ಲದೆಯೇ ಗಿಡ ಬರುವುದನ್ನು ಹೇಗೆ ವಿವರಿಸುತ್ತೀರಿ ಎಂದು ಪತ್ರ ಬರೆದ, ಥೋರೋ ಉತ್ತರಿಸಿದ. ಡಾರ್ವಿನ್ನನ ಗ್ರಂಥ ಅಮೆರಿಕಕ್ಕೆ ಬಂದು ಆಗಿನ್ನೂ ವರ್ಷವಾಗಿರಲಿಲ್ಲ. ಸಸ್ಯಗಳ ಈ ಉತ್ತರಾಧಿಕಾರವನ್ನು ವಿಶ್ವವಿದ್ಯಾಲಯಗಳು ಒಂದು ಶಾಸ್ತ್ರವಾಗಿ ಕಟ್ಟಿದ್ದು ಬಹಳ ತಡವಾಗಿ: ಹೆನ್ರಿ ಕೌಲ್ಸ್ ಮಿಷಿಗನ್ ಸರೋವರದ ಮರಳುದಿಬ್ಬಗಳನ್ನು ಕುರಿತು ಬರೆದದ್ದು 1899ರಲ್ಲಿ, ಫ್ರೆಡರಿಕ್ ಕ್ಲೆಮೆಂಟ್ಸ್‌ನ ದೊಡ್ಡ ಗ್ರಂಥ 1916ರಲ್ಲಿ.

ಊರಿನಲ್ಲಿ ಏನಾಯಿತು? ಹಿಂದಿನ ಚಳಿಗಾಲದಲ್ಲಿ ಪೈನ್ ಕಡಿದಿದ್ದ ಒಂದು ಜಾಗದಲ್ಲಿ ಓಕ್ ಸಸಿಗಳು ಹೇಗಿವೆಯೆಂದು ನೋಡಲು ಥೋರೋ ಅಕ್ಟೋಬರ್ 16ರಂದು ಹೋದ. ಭಾಷಣವಾಗಿ ಇನ್ನೂ ನಾಲ್ಕು ವಾರ ತುಂಬಿರಲಿಲ್ಲ. ಜಮೀನಿನ ಯಜಮಾನ ಇಡೀ ಜಾಗಕ್ಕೆ ಬೆಂಕಿ ಕೊಟ್ಟು, ರೈ ಎಂಬ ಚಳಿಗಾಲದ ಧಾನ್ಯವನ್ನು ಬಿತ್ತಿದ್ದ. ಒಂದೆರಡು ವರ್ಷದ ಧಾನ್ಯ ಸಿಕ್ಕಿದ ಮೇಲೆ ಕಾಡು ಬರಲೆಂದು ಬಿಡುವುದು ಅವನ ಲೆಕ್ಕ. ಎದ್ದುನಿಲ್ಲಲು ಸಿದ್ಧವಾಗಿದ್ದ ಓಕ್ ಸಸಿಗಳನ್ನು ಆತ ಸುಟ್ಟಿದ್ದ. ದಿನಚರಿಯಲ್ಲಿ ಥೋರೋನ ಸಿಟ್ಟು ಸ್ಪಷ್ಟವಾಗಿದೆ. ಊರಿಗೆಲ್ಲ ಕೇಳುವಂತೆ ಹೇಳಿದ ಮಾತಿಗೂ ಒಬ್ಬ ಯಜಮಾನನ ಬೆಂಕಿಕಡ್ಡಿಗೂ ನಡುವೆ ಅಂತರ ಇಷ್ಟೇ ಇರುತ್ತದೆ. ವಿಸ್ತರಣಾ ಕಾರ್ಯದಲ್ಲಿ ದುಡಿದ ಯಾರಿಗೂ ಇದು ಹೊಸದಲ್ಲ. ಆದರೆ ಅಲ್ಲಿ ತಪ್ಪು ಕೇವಲ ಯಜಮಾನನದು ಎಂದು ನನಗೆ ಅನಿಸುವುದಿಲ್ಲ. ಓಕ್ ಕೈಗೆ ಬರಲು ಅರ್ಧ ಶತಮಾನ ಬೇಕು. ರೈ ಮುಂದಿನ ಬೇಸಿಗೆಗೆ ಕೈಗೆ ಬರುತ್ತದೆ. ಆ ನಡುವಿನ ವರ್ಷಗಳಲ್ಲಿ ಮನೆ ಹೇಗೆ ನಡೆಯಬೇಕು ಎಂಬುದನ್ನು ಥೋರೋನ ಭಾಷಣ ಹೇಳಲಿಲ್ಲ. ಸಂಸಾರವಿಲ್ಲದ ಅವನಿಗೆ ಆ ಪ್ರಶ್ನೆ ಅಷ್ಟಾಗಿ ಕಾಡಿರಲಾರದು.

1860ರ ಡಿಸೆಂಬರ್ 3ರಂದು ಮರದ ಬೊಡ್ಡೆಗಳ ಉಂಗುರ ಎಣಿಸುತ್ತಿದ್ದಾಗ ಆತನಿಗೆ ಶೀತ ಹಿಡಿಯಿತು. ಆ ಸ್ಥಿತಿಯಲ್ಲೇ ಎಂಟು ದಿನಗಳ ನಂತರ ವಾಟರ್‌ಬರಿ ಎಂಬ ಊರಿಗೆ ಹೋಗಿ ಶರತ್ಕಾಲದ ಎಲೆಗಳ ಬಣ್ಣ ಕುರಿತು ಉಪನ್ಯಾಸ ಮಾಡಿದ. ಅದೇ ಕೊನೆಯದು. ಕ್ಷಯರೋಗದಿಂದ 1862ರ ಮೇ 6ರಂದು, ನಲವತ್ತನಾಲ್ಕನೆಯ ವಯಸ್ಸಿನಲ್ಲಿ ತೀರಿಕೊಂಡ. ಬೀಜಪ್ರಸಾರ ಕುರಿತು ಆತ ಬರೆಯುತ್ತಿದ್ದ ದೊಡ್ಡ ಹಸ್ತಪ್ರತಿ ಪುಸ್ತಕವಾಗಿ ಹೊರಬರಲು 1993 ಆಗಬೇಕಾಯಿತು. 1850ರ ದಶಕದಲ್ಲಿ ಆತ ಬರೆದಿಟ್ಟ ಹೂ ಅರಳುವ ದಿನಾಂಕಗಳ ಪಟ್ಟಿಯನ್ನು ಬಾಸ್ಟನ್ ವಿಶ್ವವಿದ್ಯಾಲಯದ ರಿಚರ್ಡ್ ಪ್ರೈಮ್ಯಾಕ್ ಮತ್ತು ಅವರ ಸಂಗಡಿಗರು ಈ ಶತಮಾನದ ಆರಂಭದಲ್ಲಿ ಕೈಗೆತ್ತಿಕೊಂಡು ಹೋಲಿಸಿದರು. ಕಾನ್ಕಾರ್ಡಿನ ಗಿಡಗಳು ಥೋರೋನ ಕಾಲಕ್ಕಿಂತ ಸರಾಸರಿ ಒಂದು ವಾರ ಮುಂಚೆ ಹೂ ಬಿಡುತ್ತಿವೆ ಎಂದು 2008ರಲ್ಲಿ ಪ್ರಕಟಿಸಿದರು. ಹವಾಮಾನ ಬದಲಾವಣೆಗೆ ಸಾಕ್ಷಿಯಾಗಲೆಂದು ಬರೆದ ಪಟ್ಟಿಯೇನೂ ಅದಲ್ಲ.

ಅಮೆರಿಕದ ಚರಿತ್ರೆಯ ಇನ್ನೊಂದು ಎಳೆಯನ್ನು ಹೇಳದಿದ್ದರೆ ನನ್ನ ವೃತ್ತಿಗೆ ದ್ರೋಹವಾದೀತು. ಥೋರೋ ಸತ್ತ ಒಂಬತ್ತು ದಿನಗಳ ನಂತರ, 1862ರ ಮೇ 15ರಂದು, ಅಂತರ್ಯುದ್ಧದ ನಡುವೆಯೇ ಅಮೆರಿಕದಲ್ಲಿ ಕೃಷಿ ಇಲಾಖೆ ಸ್ಥಾಪನೆಯಾಯಿತು. ಜುಲೈ 2ರಂದು ಭೂದಾನದ ಆಧಾರದ ಮೇಲೆ ಕೃಷಿ ಕಾಲೇಜುಗಳನ್ನು ಸ್ಥಾಪಿಸುವ ಮಾರಿಲ್ ಕಾಯಿದೆ ಬಂತು. ರೈತರಿಗೆ ಜ್ಞಾನ ತಲುಪಿಸುವ ವಿಸ್ತರಣಾ ಕಾಯಿದೆ 1914ರಲ್ಲಿ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ 1964ರಲ್ಲಿ ಆರಂಭವಾದದ್ದು ಇದೇ ಮಾದರಿಯಲ್ಲಿ, ಟೆನೆಸಿ ವಿಶ್ವವಿದ್ಯಾಲಯದ ನೆರವಿನಿಂದ. ಹೀಗಾಗಿ ನಾನು ಇಲ್ಲಿ ಮೈಕಿನ ಮುಂದೆ ನಿಂತಿರುವುದಕ್ಕೂ ಆ ಕಾಯಿದೆಗಳಿಗೂ ನೇರ ಸಂಬಂಧವಿದೆ. ಆದರೆ ಹಾದಿಯಲ್ಲಿ ಒಂದು ಸಂಗತಿ ಉದುರಿಹೋಯಿತು. ಹೋಲ್‌ಬ್ರೂಕನ ಲೈಸಿಯಂನಲ್ಲಿ ಇಂದು ಮಾತನಾಡಿದವನು ನಾಳೆ ಕೇಳುವವನಾಗುತ್ತಿದ್ದ. ಇಲಾಖೆಯ ವ್ಯವಸ್ಥೆಯಲ್ಲಿ ಜ್ಞಾನ ಒಂದೇ ದಿಕ್ಕಿಗೆ ಹರಿಯುವ ಕಾಲುವೆಯಾಯಿತು. ಅತ್ತ ಲೈಸಿಯಂ ಕೂಡ ಉಳಿಯಲಿಲ್ಲ. 1868ರ ಹೊತ್ತಿಗೆ ಬಾಸ್ಟನ್ನಿನಲ್ಲಿ ಉಪನ್ಯಾಸಕರನ್ನು ಒದಗಿಸುವ ವ್ಯಾಪಾರಿ ಕಚೇರಿ ತೆರೆಯಿತು. ಹೆಸರಾಂತರಿಗೆ ಟಿಕೆಟ್ ಹಚ್ಚಿ ಊರೂರು ಸುತ್ತಿಸಿದರು. ಷಿಕಾಗೋ ಸಮ್ಮೇಳನದ ನಂತರ ಸ್ವಾಮಿ ವಿವೇಕಾನಂದರೂ ಇಂಥ ಒಂದು ಕಚೇರಿಯ ಒಪ್ಪಂದದಲ್ಲಿ ಕೆಲಕಾಲ ಸಿಕ್ಕಿ, ಬೇಸತ್ತು ಬಿಡಿಸಿಕೊಂಡರು.

ನಮ್ಮ ಮಲೆಗಳ ಮಾತಿಗೆ ಬರುತ್ತೇನೆ. ಅಳಿಲಿನ ಕೆಲಸವನ್ನು ಇಲ್ಲಿ ಅನೇಕ ಜೀವಿಗಳು ಹಂಚಿಕೊಂಡಿವೆ. ಕಾಡುಜಾಯಿಯ ದಪ್ಪ ಬೀಜವನ್ನು ಮಂಗಟ್ಟೆ ನುಂಗಿ ದೂರದಲ್ಲಿ ಉಗುಳುತ್ತದೆ. ಬೈನೆ ಹಣ್ಣನ್ನು ಪುನುಗುಬೆಕ್ಕು ತಿಂದು ಬೀಜವನ್ನು ದಾರಿಯ ಮೇಲೆ ಇಟ್ಟು ಹೋಗುತ್ತದೆ. ಬಾವಲಿ ಚೀಪಿ ಎಸೆದ ಅಡಿಕೆಯನ್ನು ಹೆಕ್ಕುವ ನಿಮಗೆ ಅದು ಎಷ್ಟು ದೂರ ಹೊತ್ತೊಯ್ಯುತ್ತದೆಂದು ಗೊತ್ತಿದೆ. ನಮ್ಮ ಗುಡ್ಡಗಳಲ್ಲಿ ಅಕೇಶಿಯಾ ನೆಡುತೋಪುಗಳು ಎದ್ದು ದಶಕಗಳೇ ಕಳೆದವು. ಅವುಗಳನ್ನು ಕಡಿಯುವ ಸಮಯ ಬಂದಾಗ ಮತ್ತೆ ಏನು ನೆಡಬೇಕು ಎಂಬ ಚರ್ಚೆ ಮಾತ್ರ ನಡೆಯುತ್ತದೆ. ಬೆಂಕಿ ಬೀಳದ, ದರಕು ಗುಡಿಸದ, ಹತ್ತಿರದಲ್ಲಿ ಹಳೆಯ ಕಾಡಿರುವ ತೋಪುಗಳ ಒಳಗೆ ನಾನು ಬಗ್ಗಿ ನೋಡಿದ್ದೇನೆ. ಮತ್ತಿ, ನೇರಳೆ, ಹೊನ್ನೆಯ ಸಸಿಗಳನ್ನು ಕಂಡಿದ್ದೇನೆ. ಹಳೆಯ ಕಾಡು ದೂರವಿದ್ದಲ್ಲಿ ಒಣ ಎಲೆಯ ಹಾಸಿಗೆ ಬಿಟ್ಟರೆ ಬೇರೇನೂ ಸಿಗಲಿಲ್ಲ. ಆದ್ದರಿಂದ ಅಕೇಶಿಯಾದ ಕೆಳಗೆ ಕಾಡು ತಾನಾಗಿ ಬರುತ್ತದೆ ಎಂದಾಗಲಿ, ಬರುವುದೇ ಇಲ್ಲ ಎಂದಾಗಲಿ ಒಂದೇ ಮಾತಿನಲ್ಲಿ ಹೇಳುವವರನ್ನು ನಂಬಬೇಡಿ. ಜಾಗದಿಂದ ಜಾಗಕ್ಕೆ ನೋಡಬೇಕು. ಕಡಿಯುವ ಗುತ್ತಿಗೆಯಾಗುವ ಮುಂಚೆಯೇ ನೋಡಬೇಕು, ಏಕೆಂದರೆ ಯಂತ್ರ ಓಡಾಡಿ, ಕಸಕ್ಕೆ ಬೆಂಕಿ ಬಿದ್ದ ಮೇಲೆ ಎಣಿಸಲು ಏನೂ ಇರುವುದಿಲ್ಲ.

ವಿದ್ಯಾರ್ಥಿಗಳಿಗೆ ಒಂದು ಕೆಲಸ ಕೊಡುತ್ತೇನೆ. ಮಳೆ ಹೊರಟು ನೆಲ ಕಾಣುವ ಹೊತ್ತಿಗೆ, ಐದು ಅಡಿಯ ಒಂದು ಕೋಲು ಹಿಡಿದು ನಿಮ್ಮ ಊರಿನ ತೋಪಿಗೆ ಹೋಗಿ. ಒಬ್ಬರೇ ಹೋಗಬೇಡಿ, ಸೊಪ್ಪಿಗೆ, ಸೌದೆಗೆ ಹೋಗಿ ಗಿಡಗಳ ಹೆಸರು ಬಲ್ಲ ಅಜ್ಜಿಯನ್ನೋ ಚಿಕ್ಕಪ್ಪನನ್ನೋ ಜೊತೆಗೆ ಕರೆದುಕೊಳ್ಳಿ. ನೇರ ಗೆರೆಯಲ್ಲಿ ನೂರು ಕೋಲು ನಡೆದು, ಪ್ರತಿ ಕೋಲಿಗೂ ಕಾಲ ಬುಡದಲ್ಲಿ ಇರುವ ಸಸಿ ಯಾವುದು, ಎಷ್ಟು ಎತ್ತರ, ಆ ಜಾತಿಯ ದೊಡ್ಡ ಮರ ಹತ್ತಿರದಲ್ಲಿ ಎಲ್ಲಿದೆ ಎಂದು ಬರೆಯಿರಿ. ಹೆಸರು ತಿಳಿಯದಿದ್ದರೆ ಒಂದು ಎಲೆಯನ್ನು ಹಳೆಯ ಪುಸ್ತಕದಲ್ಲಿ ಒತ್ತಿ ತನ್ನಿ. ಸಸಿ ಸಿಗದ ಕೋಲುಗಳನ್ನೂ ತಪ್ಪದೆ ಬರೆಯಿರಿ. ಮುಂದಿನ ಸಭೆಯಲ್ಲಿ ನಾನು ಕೆಳಗೆ ಕೂರುತ್ತೇನೆ, ಪಟ್ಟಿ ತಂದವರು ಇಲ್ಲಿ ನಿಂತು ಓದಲಿ. ಹಿರಿಯರು ಈಗ ಪ್ರಶ್ನೆಗಳಿದ್ದರೆ ಕೇಳಬಹುದು.